ರನ್ ಒತ್ತುವ ಮೊದಲು ಉತ್ತರ ಬರೆಯಿರಿ: ಕಾಲೇಜಿನಲ್ಲಿ ಸಿಮ್ಯುಲೇಶನ್ ಮತ್ತು ಗೇಮ್ ಡೆವಲಪ್‌ಮೆಂಟ್ ಕಲಿಸುವ ಸಮಗ್ರ ಮಾರ್ಗದರ್ಶಿ

ಕೊನೇ ವರ್ಷದ ಎಲೆಕ್ಟಿವ್ ಪಟ್ಟಿಯಲ್ಲಿ ‘ಗೇಮ್ ಡೆವಲಪ್‌ಮೆಂಟ್’ ಅಂತ ಒಂದು ಸಾಲು ಹಾಕಿ ನೋಡಿ. ಅರ್ಧ ಕ್ಲಾಸು ಅದಕ್ಕೇ ಟಿಕ್ ಹಾಕುತ್ತದೆ. ಮೊದಲ ದಿನವೇ ಯಾರಾದರೂ ಕೇಳುತ್ತಾರೆ: ‘ಸರ್, ಜಿಟಿಎ ಥರ ಮಾಡ್ಬಹುದಾ?’

ನನ್ನ ಮೊದಲ ಬ್ಯಾಚಿಗೆ ನಾನು ‘ಮಾಡೋಣ’ ಅಂದುಬಿಟ್ಟೆ. ಲ್ಯಾಬಿನ ಮೆಷಿನ್‌ಗಳಿಗೆಲ್ಲ ಭಾರೀ ಗಾತ್ರದ ಗೇಮ್ ಎಂಜಿನ್ (ಆಟ ಕಟ್ಟುವ ಸಾಫ್ಟ್‌ವೇರ್) ಒಂದನ್ನು ಹಾಕುವುದರಲ್ಲೇ ಎರಡು ವಾರ ಹೋಯಿತು. ಡೆಮೊ ದಿನ ಮೂರು ಟೀಮಿನ ಆಟ ಓಪನ್ನೇ ಆಗಲಿಲ್ಲ. ಓಪನ್ ಆದ ಒಂದರಲ್ಲಿ ಪಾತ್ರ ಚೆನ್ನಾಗಿಯೇ ಓಡುತ್ತಿತ್ತು, ಮೆಟ್ಟಿಲ ಹತ್ತಿರ ಬಂದಾಗ ಮಾತ್ರ ಗಡಗಡ ನಡುಗುತ್ತಿತ್ತು. ಯಾಕೆ ಅಂತ ಕೇಳಿದೆ. ‘ಎಂಜಿನ್ ಹಾಗೇ ಮಾಡುತ್ತೆ ಸರ್’ ಅಂದರು.

ತಪ್ಪು ಅವರದಲ್ಲ, ನನ್ನದು. ಬಟನ್ ಎಲ್ಲಿದೆ ಅಂತ ಹೇಳಿಕೊಟ್ಟಿದ್ದೆ. ಒಳಗೆ ಏನು ನಡೆಯುತ್ತಿದೆ ಅಂತ ಹೇಳಿಕೊಟ್ಟಿರಲಿಲ್ಲ. ಮುಂದಿನ ಬ್ಯಾಚಿನಿಂದ ಒಂದೇ ನಿಯಮ ತಂದೆ. ರನ್ ಒತ್ತುವ ಮೊದಲು ಏನಾಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪೆನ್ನಿನಲ್ಲೇ ಬರೆಯಬೇಕು. ಪೆನ್ಸಿಲ್ ಬಿಟ್ಟರೆ ಆಮೇಲೆ ಅಳಿಸಿ ತಿದ್ದುತ್ತಾರೆ, ನಮ್ಮ ಹುಡುಗರು ಗೊತ್ತಲ್ವಾ. ಕೆಳಗಿನದ್ದೆಲ್ಲ ಆ ನಿಯಮದ ಮೇಲೆ ಕಟ್ಟಿದ, ಸುಮಾರು 15 ವಾರಗಳ ಪಾಠ. ಸಿ ಅಥವಾ ಪೈಥಾನ್, ಡೇಟಾ ಸ್ಟ್ರಕ್ಚರ್ಸ್, ಪಿಯುಸಿ ಮಟ್ಟದ ಫಿಸಿಕ್ಸ್ ಗೊತ್ತಿದ್ದರೆ ಸಾಕು.

ಹೆಜ್ಜೆ 1: ಎಂಜಿನ್ ಆರಿಸಿಡಿ, ಆದರೆ ಐದು ವಾರ ಮುಟ್ಟಬೇಡಿ

ನನ್ನ ಆಯ್ಕೆ ಗೋಡೋ. ದುಡ್ಡು ಕೊಡಬೇಕಿಲ್ಲ, ಕೋಡು ಪೂರ್ತಿ ಮುಕ್ತ, ಎಂಐಟಿ ಲೈಸೆನ್ಸ್. ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಅದನ್ನು ಇನ್‌ಸ್ಟಾಲ್ ಮಾಡುವುದೇ ಬೇಡ. ಜಿಪ್ ಬಿಚ್ಚಿದರೆ ಓಡುತ್ತದೆ. ಅಡ್ಮಿನ್ ಪಾಸ್‌ವರ್ಡ್ ಗೊತ್ತಿರುವ ಲ್ಯಾಬ್ ಅಸಿಸ್ಟೆಂಟ್ ಅವತ್ತೇ ರಜೆ ಹಾಕಿರುತ್ತಾರೆ ಅನ್ನುವುದನ್ನು ಮರೆಯಬೇಡಿ. ಸೀನ್ ಫೈಲ್‌ಗಳು ಸಾದಾ ಅಕ್ಷರದಲ್ಲೇ ಇರುವುದರಿಂದ ಇಬ್ಬರು ಒಂದೇ ಸೀನ್ ಬದಲಿಸಿದಾಗ, ಕೋಡಿನ ಬದಲಾವಣೆ ದಾಖಲಿಸಿಡುವ ಗಿಟ್‌ನಲ್ಲಿ ವ್ಯತ್ಯಾಸ ಓದಬಹುದು.

ಯೂನಿಟಿ ಅನ್ನುವ ಇನ್ನೊಂದು ಎಂಜಿನ್ ಕಲಿಸಿದರೂ ತಪ್ಪಿಲ್ಲ. ಆದರೆ ಇಡೀ ಸಿಲಬಸ್ಸನ್ನು ಒಂದೇ ಎಂಜಿನ್‌ಗೆ ಕಟ್ಟಿಹಾಕಬೇಡಿ. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ಅಂತ ಘೋಷಿಸಿತು. ಗಲಾಟೆ ಎದ್ದಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಟ್ಟಿತು. ಆ ಒಂದು ವರ್ಷ ಸಿಲಬಸ್ ಬರೆಯುವವರ ಪಾಡು ಏನಾಗಿರಬೇಡ!

ಮೊದಲ ಐದು ವಾರ ಬರೀ ಪೈಥಾನ್, ಗ್ರಾಫ್ ಕಾಗದ, ನೋಟ್‌ಬುಕ್. ‘ಆಟ ಯಾವಾಗ ಸರ್?’ ಅಂತ ಕೇಳುತ್ತಲೇ ಇರುತ್ತಾರೆ. ಕೇಳಲಿ ಬಿಡಿ.

ಹೆಜ್ಜೆ 2: ಮೊದಲ ಲ್ಯಾಬು ದರ್ಶಿನಿಯಲ್ಲಿ

ಸಿಮ್ಯುಲೇಶನ್ ಅಂದರೆ ಹೊರಗೆ ನಡೆಯುವುದನ್ನು ಕೋಡಿನಲ್ಲಿ ಆಡಿಸಿ ನೋಡುವುದು. ಹಾಗಾಗಿ ಮೊದಲು ಹೊರಗೆ ಹೋಗಿ ಎಣಿಸಬೇಕು. ಕಾಲೇಜಿನ ಹತ್ತಿರ ಒಂದು ದರ್ಶಿನಿ ಇದ್ದೇ ಇರುತ್ತದೆ. ಬೆಳಿಗ್ಗೆ ಎಂಟರಿಂದ ಒಂಬತ್ತು, ಮೂವರ ಟೀಮು. ಒಬ್ಬರು ಒಳಗೆ ಬಂದವರನ್ನು ಎಣಿಸಬೇಕು. ಇನ್ನೊಬ್ಬರು ಹತ್ತಿಪ್ಪತ್ತು ಜನರನ್ನು ಆರಿಸಿ, ಟೋಕನ್ ತಗೊಂಡು ತಟ್ಟೆ ಇಡುವ ತನಕ ಎಷ್ಟು ನಿಮಿಷ ಅಂತ ನೋಡಬೇಕು. ಮೂರನೆಯವರು ಐದು ನಿಮಿಷಕ್ಕೊಮ್ಮೆ ಒಳಗೆ ಎಷ್ಟು ತಲೆ ಅಂತ ಬರೆದುಕೊಳ್ಳಬೇಕು. ಮಾಲೀಕರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಜಿಎಸ್‌ಟಿಯವರು ಅಂದುಕೊಳ್ಳುತ್ತಾರೆ. ಮೂವರೂ ತಿಂಡಿ ತಿನ್ನಬೇಕು, ಅದು ಮರ್ಯಾದೆ.

ವಾಪಸ್ ಬಂದ ಮೇಲೆ ಜಾನ್ ಲಿಟ್ಲ್ 1961ರಲ್ಲಿ ಸಾಬೀತು ಮಾಡಿದ ನಿಯಮ ಹೇಳಿಕೊಡಿ. ಒಳಗಿರುವ ಸರಾಸರಿ ಜನ ಎಂದರೆ ಬರುವ ವೇಗ ಗುಣಿಸು ಒಬ್ಬರು ಇರುವ ಸರಾಸರಿ ಹೊತ್ತು. ಗಂಟೆಗೆ 240 ಜನ ಬಂದು, ತಲಾ 15 ನಿಮಿಷ ಇದ್ದರೆ, ಒಳಗೆ ಸರಾಸರಿ 60 ಜನ. ಮೂರನೆಯವರು ಎಣಿಸಿದ ತಲೆಲೆಕ್ಕ ಇದಕ್ಕೆ ಹತ್ತಿರ ಬರುತ್ತದಾ ನೋಡಿ. ಬರದಿದ್ದರೆ ಎಣಿಸುವಾಗ ಯಾರೋ ದೋಸೆ ಕಡೆ ನೋಡುತ್ತಿದ್ದರು ಅಂತ ಅರ್ಥ.

ಆಮೇಲೆ ಕಾಫಿ ಕೌಂಟರ್ ಒಂದನ್ನೇ ಕೋಡಿನಲ್ಲಿ ಕಟ್ಟಿಸಿ. ಇಲ್ಲಿ ಗಡಿಯಾರ ಟಿಕ್ ಟಿಕ್ ಅಂತ ಓಡುವುದಿಲ್ಲ. ಘಟನೆಯಿಂದ ಘಟನೆಗೆ ಹಾರುತ್ತದೆ. ‘8:03:10ಕ್ಕೆ ಒಬ್ಬರು ಬಂದರು’, ‘8:03:22ಕ್ಕೆ ಒಬ್ಬರಿಗೆ ಕಾಫಿ ಸಿಕ್ಕಿತು’. ಇವನ್ನೆಲ್ಲ ಒಂದು ಪ್ರಯಾರಿಟಿ ಕ್ಯೂನಲ್ಲಿ ಹಾಕಿ, ಹತ್ತಿರದ ಹೊತ್ತಿನದನ್ನು ಮೊದಲು ತೆಗೆಯುವುದು. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಮಾರ್ಕ್ಸಿಗೆ ಓದಿದ್ದ ಹೀಪ್ ಇಲ್ಲಿ ಮೊದಲ ಸಲ ಕೆಲಸಕ್ಕೆ ಬರುತ್ತದೆ.

ಈಗ ನೋಟ್‌ಬುಕ್ ತೆಗೆಸಿ. ಕಾಫಿ ಕೊಡುವವರ ಶಕ್ತಿ ಗಂಟೆಗೆ 240 ಲೋಟ. ಗಂಟೆಗೆ 192 ಜನ ಬಂದರೆ ಕೌಂಟರ್ ಮುಂದೆ ಸರಾಸರಿ 4 ಜನ ಇರುತ್ತಾರೆ. 216 ಬಂದರೆ? 228 ಬಂದರೆ? ಹೆಚ್ಚಿನವರು 5, 6 ಅಂತ ಬರೆಯುತ್ತಾರೆ. ಬರುವುದು 9 ಮತ್ತು 19. ಗಂಟೆಗೆ ಬರೀ 12 ಜನ ಜಾಸ್ತಿಯಾಗಿದ್ದಕ್ಕೆ ಸಾಲು ಎರಡು ಪಟ್ಟಿಗಿಂತ ಉದ್ದವಾಯಿತು. ಕೌಂಟರ್ ಎಷ್ಟು ಭಾಗ ಹೊತ್ತು ಕೆಲಸದಲ್ಲಿರುತ್ತದೋ ಅದನ್ನು, ಖಾಲಿ ಇರುವ ಭಾಗದಿಂದ ಭಾಗಿಸಿದರೆ ಈ ಉತ್ತರ ಸಿಗುತ್ತದೆ. 0.95 ಭಾಗಿಸು 0.05 ಅಂದರೆ 19. ಜನ ಬರುವುದು, ಕಾಫಿಗೆ ಹಿಡಿಯುವ ಹೊತ್ತು ಎರಡೂ ಪೂರ್ತಿ ಏರುಪೇರು ಅಂತ ಹಿಡಿದಾಗಿನ ಲೆಕ್ಕ ಇದು.

ಪಾಠ ಇಲ್ಲಿಗೆ ನಿಲ್ಲಿಸಬೇಡಿ. ದರ್ಶಿನಿಯಲ್ಲಿ ಎಣಿಸಿದ ಸಾಲು ಈ ಲೆಕ್ಕಕ್ಕಿಂತ ಚಿಕ್ಕದಿರುವ ಸಾಧ್ಯತೆಯೇ ಜಾಸ್ತಿ. ಯಾಕೆ? ಕಾಫಿ ಹಾಕುವವರ ಕೈ ಪಳಗಿದ್ದು, ಪ್ರತಿ ಲೋಟಕ್ಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಆ ಹೊತ್ತು ಪೂರ್ತಿ ಒಂದೇ ಆದರೆ ಕಾಯುವವರ ಸಾಲು ಲೆಕ್ಕದ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಸಾಲು ನೋಡಿ ‘ಆಮೇಲೆ ಕುಡಿದರಾಯ್ತು’ ಅಂತ ಹೋಗುವವರೂ ಇದ್ದಾರೆ. ಕೋಡಿನಲ್ಲಿ ತಪ್ಪಿಲ್ಲದಿರುವುದು ಬೇರೆ, ಕೋಡು ಲೋಕಕ್ಕೆ ಹೊಂದುವುದು ಬೇರೆ. ಈ ವ್ಯತ್ಯಾಸ ಬೋರ್ಡಿನ ಮೇಲೆ ವ್ಯಾಖ್ಯೆ ಬರೆದರೆ ಹತ್ತುವುದಿಲ್ಲ, ಇಲ್ಲಿ ಹತ್ತುತ್ತದೆ.

ಹೆಜ್ಜೆ 3: ಎರಡು ಸಾಲು ಅದಲುಬದಲು

ಮೂರನೇ ವಾರ ಸ್ಪ್ರಿಂಗ್. ತುದಿಗೆ 1 ಕೆಜಿ ತೂಕ, ಸ್ಪ್ರಿಂಗಿನ ಬಿಗಿ ಮೀಟರಿಗೆ 100 ನ್ಯೂಟನ್, ಸೆಕೆಂಡಿಗೆ 50 ಹೆಜ್ಜೆ, ಅಂದರೆ 50 ಸಲ ಲೆಕ್ಕ. ಪ್ರತಿ ಹೆಜ್ಜೆಯ ಶುರುವಿನಲ್ಲೇ ಸ್ಪ್ರಿಂಗಿನ ಎಳೆತ ಲೆಕ್ಕ ಹಾಕಿಟ್ಟುಕೊಂಡರೆ, ಉಳಿದ ಕೋಡು ಎರಡೇ ಸಾಲು. ಹಳೇ ವೇಗದಿಂದ ಜಾಗ ಮುಂದೆ ಸರಿಸು, ಹಳೇ ಜಾಗದಿಂದ ವೇಗ ಬದಲಿಸು. ಇದು ಆಯ್ಲರ್ ವಿಧಾನ. ಘರ್ಷಣೆ ಇಲ್ಲ, ಏನಾಗುತ್ತೆ ಬರೆಯಿರಿ ಅನ್ನಿ. ‘ಹಾಗೇ ಆಡ್ತಾ ಇರುತ್ತೆ’ ಅಂತ ಎಲ್ಲರೂ ಬರೆಯುತ್ತಾರೆ. ಓಡಿಸಿದರೆ ಒಂದು ಸೆಕೆಂಡಿನಲ್ಲಿ ಅಲುಗಾಟ ಎರಡೂವರೆ ಪಟ್ಟಿಗಿಂತ ಜಾಸ್ತಿಯಾಗಿರುತ್ತದೆ, ಮೂರನೇ ಸೆಕೆಂಡಿಗೆ ಸುಮಾರು 19 ಪಟ್ಟು. ಆಮೇಲೆ ಪರದೆಯಿಂದಲೇ ಹಾರಿಹೋಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಶಕ್ತಿ ನೂರಕ್ಕೆ 4ರಷ್ಟು ಸುಮ್ನೆ ಹುಟ್ಟುತ್ತಿದೆ.

ಈಗ ಸರಿಪಡಿಸಿ. ಮೊದಲು ವೇಗ ಬದಲಿಸಿ, ಆ ಹೊಸ ವೇಗದಿಂದ ಜಾಗ ಸರಿಸಿ. ಅಷ್ಟೇ, ಸಾಲು ಅದಲುಬದಲು. ಸ್ಪ್ರಿಂಗ್ ದಾರಿಗೆ ಬರುತ್ತದೆ. ಶಕ್ತಿ ಸ್ವಲ್ಪ ಏರಿಳಿದರೂ ಮಿತಿ ದಾಟುವುದಿಲ್ಲ. ಗೇಮ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಎರಡನೇ ವಿಧಾನವೇ. ಎರಡು ಸಾಲಿನ ಹಿಂದು-ಮುಂದಿಗೆ ಇಷ್ಟು ಬೆಲೆ ಇದೆ ಅಂತ ಕಂಡಾಗ ಕ್ಲಾಸಿನಲ್ಲಿ ಒಂದು ಕ್ಷಣ ಸದ್ದಿರುವುದಿಲ್ಲ. ನನಗೆ ಇಡೀ ಸೆಮಿಸ್ಟರಿನಲ್ಲಿ ಇಷ್ಟವಾದ ಗಳಿಗೆ ಅದು.

ಅದೇ ವಾರ ಗಡಿಯಾರದ ಪಾಠ. ಒಂದು ಫ್ರೇಮ್, ಅಂದರೆ ಪರದೆಗೆ ಬರುವ ಒಂದು ಚಿತ್ರ, 10 ಮಿಲಿಸೆಕೆಂಡಿಗೆ ಮುಗಿಯಬಹುದು, ಮುಂದಿನದು 30 ತಗೋಬಹುದು. ಫಿಸಿಕ್ಸ್‌ಗೆ ಮಾತ್ರ ಸಮ ಹೆಜ್ಜೆಯೇ ಬೇಕು. ನಾನು ಹುಂಡಿ ಅಂತ ಹೇಳಿಕೊಡುತ್ತೇನೆ. ಪ್ರತಿ ಫ್ರೇಮಿನ ಹೊತ್ತನ್ನು ಹುಂಡಿಗೆ ಹಾಕಿ. ಅದರಲ್ಲಿ ಒಂದು ಹೆಜ್ಜೆಗೆ ಸಾಕಾಗುವಷ್ಟು, ಅಂದರೆ 16.67 ಮಿಲಿಸೆಕೆಂಡ್, ಇರುವ ತನಕ ತೆಗೆದು ಖರ್ಚು ಮಾಡಿ. ಉಳಿದ ಚಿಲ್ಲರೆ ಮುಂದಿನ ಫ್ರೇಮಿಗೆ. ಒಂದು ಹೆಜ್ಜೆಯ ಲೆಕ್ಕಕ್ಕೇ 20 ಮಿಲಿಸೆಕೆಂಡ್ ಹಿಡಿದರೆ ಏನಾಗುತ್ತದೆ ಅಂತ ಕೇಳಿ. ಮೀಟರ್ ಬಡ್ಡಿ ಸಾಲದ ಕತೆಯೇ ಆಗುತ್ತದೆ. ತೀರಿಸಲು ಹೋದಷ್ಟೂ ಬೆಳೆದು, ಕೊನೆಗೆ ಆಟ ನಿಂತೇ ಹೋಗುತ್ತದೆ. ಒಂದು ಫ್ರೇಮಿಗೆ ಹುಂಡಿಗೆ ಬೀಳುವ ಹೊತ್ತಿಗೆ ಕಾಲು ಸೆಕೆಂಡಿನಂಥ ಮಿತಿ ಹಾಕಿಸಿ.

ಹೆಜ್ಜೆ 4: ಕಾರಣವೇ ಇಲ್ಲದ ಜಾಮ್

ಬೆಂಗಳೂರಿನಲ್ಲಿ ಟ್ರಾಫಿಕ್ ಮಾದರಿ ಕಲಿಸಲು ಯಾರಿಗೂ ಪೀಠಿಕೆ ಬೇಡ. ಲೇಟಾಗಿ ಬಂದವರನ್ನು ಒಳಗೆ ಕರೆದು ಶುರು ಮಾಡಿ.

ಕೈ ನಾಗೆಲ್ ಮತ್ತು ಮೈಕಲ್ ಶ್ರೆಕೆನ್‌ಬರ್ಗ್ 1992ರಲ್ಲಿ ಕೊಟ್ಟ ಮಾದರಿ ಗ್ರಾಫ್ ಕಾಗದದಲ್ಲೇ ಆಡಬಹುದು. ರಸ್ತೆ ಅಂದರೆ 7.5 ಮೀಟರಿನ ಮನೆಗಳ ಸಾಲು. ಒಂದು ಮನೆಗೆ ಒಂದು ಕಾರು. ಒಂದು ಹೆಜ್ಜೆ ಒಂದು ಸೆಕೆಂಡು. ವೇಗ ಸೊನ್ನೆಯಿಂದ 5 ಮನೆ. ಪ್ರತಿ ಹೆಜ್ಜೆಗೆ ನಾಲ್ಕು ಕೆಲಸ: ವೇಗ ಒಂದು ಹೆಚ್ಚಿಸು. ಮುಂದಿನ ಕಾರಿಗೆ ಗುದ್ದುವಂತಿದ್ದರೆ ಜಾಗ ಇರುವಷ್ಟಕ್ಕೆ ಇಳಿಸು. ಆಗಾಗ ಸುಮ್ಮನೆ ಒಂದು ಕಮ್ಮಿ ಮಾಡು, ಫೋನು ನೋಡಿದ ಹಾಗೆ. ಕೊನೆಗೆ ಮುಂದೆ ಸರಿ.

1000 ಮನೆಯ ವರ್ತುಲ ಮಾಡಿಸಿ, 7.5 ಕಿಲೋಮೀಟರಿನ ರಿಂಗ್ ರೋಡ್. ಮೊದಲು ಮೂರನೇ ಕೆಲಸ ಬಿಟ್ಟು ಓಡಿಸಿ. ಎಷ್ಟು ಕಾರಿನ ತನಕ ಎಲ್ಲರೂ ಪೂರ್ತಿ ವೇಗದಲ್ಲಿ ಹೋಗಬಹುದು? ಒಂದು ಕಾರಿಗೆ ತನ್ನದೊಂದು ಮನೆ, ಮುಂದೆ ಐದು ಖಾಲಿ. 1000 ಭಾಗಿಸು 6, ಅಂದರೆ 166 ಕಾರು. ಇದನ್ನು ಚುರುಕಾದವರು ಸರಿಯಾಗಿ ಬರೆಯುತ್ತಾರೆ. ಈಗ ಮೂರನೇ ಕೆಲಸ ಸೇರಿಸಿ. ಅಷ್ಟು ಕಾರು ತುಂಬುವ ಮೊದಲೇ ಜಾಮ್ ಹುಟ್ಟುತ್ತದೆ. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಮೆಟ್ರೊ ಕೆಲಸ ಇಲ್ಲ. ಆದರೂ ಜಾಮ್! ಕಾರುಗಳು ಮುಂದೆ ಹೋಗುತ್ತಿದ್ದರೆ ಜಾಮ್ ಹಿಂದಕ್ಕೆ ಸರಿಯುತ್ತದೆ.

ಆಮೇಲಿನದು ನಮ್ಮೂರಿನ ಕೆಲಸ. ಹತ್ತಿರದ ಸ್ಕೈವಾಕ್ ಹತ್ತಿಸಿ, ಅರ್ಧ ಗಂಟೆ ವಾಹನ ಎಣಿಸಲು ಹೇಳಿ. ಮಾದರಿಯಲ್ಲಿ ಏನಿಲ್ಲ ಅಂತ ಪಟ್ಟಿ ಮಾಡಿಸಿ. ಲೇನ್ ಅನ್ನುವುದು ಇಲ್ಲಿ ಬಣ್ಣ ಮಾತ್ರ. ಎರಡು ಕಾರಿನ ನಡುವೆ ಬೈಕು ನುಗ್ಗುತ್ತದೆ. ಆಟೊ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಮನೆಯನ್ನು ಚಿಕ್ಕದು ಮಾಡಿ, ಕಾರಿಗೆ ಹಲವು ಮನೆ, ಬೈಕಿಗೆ ಒಂದೆರಡು ಕೊಟ್ಟು ಮತ್ತೆ ಬರೆಯಲಿ. ಮುಂದೆ ಹೋಗುವ ಆಸೆ ಇದ್ದವರಿಗೆ ಜರ್ಮನಿಯ ಡಿಎಲ್‌ಆರ್ ಸಂಸ್ಥೆಯ ಸುಮೊ ಅನ್ನುವ ಟ್ರಾಫಿಕ್ ಸಿಮ್ಯುಲೇಟರ್ ಇದೆ, 2001ರಿಂದ ಉಚಿತ. ಆದರೆ ಕಾಗದದ ಆಟ ಮುಗಿಸದೆ ಅದನ್ನು ಕೊಡಬೇಡಿ.

ಹೆಜ್ಜೆ 5: ಬ್ಯಾಟಿನೊಳಗಿಂದ ಹೋದ ಚೆಂಡು

ಆರನೇ ವಾರ ಎಂಜಿನ್ ತೆರೆಯಿರಿ. ಗಂಟೆಗೆ 150 ಕಿಲೋಮೀಟರ್ ವೇಗದ ಎಸೆತ ಅಂದರೆ ಸೆಕೆಂಡಿಗೆ ಸುಮಾರು 41.7 ಮೀಟರ್. ಗೋಡೋ ಫಿಸಿಕ್ಸ್ ತಾನಾಗಿ ಸೆಕೆಂಡಿಗೆ 60 ಹೆಜ್ಜೆ ಇಡುತ್ತದೆ. ಒಂದು ಹೆಜ್ಜೆಗೆ ಚೆಂಡು ಸುಮಾರು 69 ಸೆಂಟಿಮೀಟರ್ ಹಾರುತ್ತದೆ. ಕ್ರಿಕೆಟ್ ನಿಯಮದಲ್ಲಿ ಬ್ಯಾಟಿನ ದಪ್ಪ ಹೆಚ್ಚೆಂದರೆ 6.7 ಸೆಂಟಿಮೀಟರ್, ಚೆಂಡಿನ ಅಡ್ಡಳತೆ ಸುಮಾರು 7.2. ಬ್ಯಾಟು ಅಲ್ಲಾಡದೆ ನಿಂತಿದ್ದರೆ ಎಷ್ಟು ಎಸೆತ ತಾಗುತ್ತವೆ?

ಎರಡೂ ಕೂಡಿದರೆ 14 ಸೆಂಟಿಮೀಟರ್ ಆಸುಪಾಸು, 69ರಲ್ಲಿ ಐದನೇ ಒಂದು ಭಾಗ. ಐದು ಎಸೆತದಲ್ಲಿ ನಾಲ್ಕು ಬ್ಯಾಟಿನೊಳಗಿಂದಲೇ ಹೋಗುತ್ತವೆ. ‘ಹೆಜ್ಜೆ ಜಾಸ್ತಿ ಮಾಡೋಣ ಸರ್’ ಅನ್ನುತ್ತಾರೆ. ಎಷ್ಟು ಬೇಕು ಅಂತ ಲೆಕ್ಕ ಹಾಕಿಸಿ. ಸುಮಾರು 300. ಐದು ಪಟ್ಟು ಕೆಲಸ, ಒಂದು ಚೆಂಡಿಗಾಗಿ. ಅದರ ಬದಲು ಹಿಂದಿನ ಜಾಗದಿಂದ ಹೊಸ ಜಾಗಕ್ಕೆ ಗೆರೆ ಎಳೆದು, ಆ ಗೆರೆ ಬ್ಯಾಟನ್ನು ಮುಟ್ಟುತ್ತದಾ ನೋಡುವ ದಾರಿ ಆಗ ತಾನಾಗಿ ಹೊಳೆಯುತ್ತದೆ.

ಮುಂದಿನ ವಾರ ಲಗೋರಿ. ಏಳು ಚಪ್ಪಟೆ ಕಲ್ಲು ಒಂದರ ಮೇಲೊಂದು. ನಿಜದ ಲಗೋರಿ ಸುಮ್ನೆ ನಿಂತಿರುತ್ತದೆ, ಎಂಜಿನ್ನಿನ ಲಗೋರಿ ನಡುಗಬಹುದು, ಮೆಲ್ಲಗೆ ಜಾರಿ ಬೀಳಲೂಬಹುದು. ಎಂಜಿನ್ ಒಂದೊಂದೇ ಜೋಡಿ ಕಲ್ಲಿನ ತಾಗುವಿಕೆ ಸರಿಮಾಡುತ್ತಾ ಹೋಗುತ್ತದೆ. ಒಂದನ್ನು ಸರಿಮಾಡಿದರೆ ಪಕ್ಕದ್ದು ಕೆಡುತ್ತದೆ. ಅದಕ್ಕೇ ಮತ್ತೆ ಮತ್ತೆ ಸುತ್ತು ಹೊಡೆಯಬೇಕು. ಸುತ್ತು ಕಮ್ಮಿಯಾದರೆ ಮೇಲಿನ ಕಲ್ಲಿನ ಭಾರ ಕೆಳಗಿನ ತನಕ ತಲುಪುವುದೇ ಇಲ್ಲ. 2025ರ ಮಾರ್ಚಿನಲ್ಲಿ ಬಂದ ಗೋಡೋ 4.4ರಿಂದ ಅದರದೇ ಫಿಸಿಕ್ಸ್ ಅಥವಾ ಜೋಲ್ಟ್ ಅನ್ನುವ ಇನ್ನೊಂದು ಫಿಸಿಕ್ಸ್ ಎಂಜಿನ್ ಅಂತ ಸೆಟ್ಟಿಂಗಿನಲ್ಲೇ ಬದಲಿಸಬಹುದು. ಅದೇ ಲಗೋರಿಯನ್ನು ಎರಡರಲ್ಲೂ ನಿಲ್ಲಿಸಿ ನೋಡಲಿ. ಇದನ್ನು ಮಾಡಿದವರು ‘ಎಂಜಿನ್ ಹಾಗೇ ಮಾಡುತ್ತೆ’ ಅಂತ ಇನ್ನು ಹೇಳುವುದಿಲ್ಲ.

ಹೆಜ್ಜೆ 6: ಆಡು-ಹುಲಿ ಆಟ

ಎಐ ಮತ್ತು ಆಟದ ಸಮತೋಲ, ಎರಡನ್ನೂ ಇದೊಂದರಲ್ಲೇ ಕಲಿಸಬಹುದು. 23 ಬಿಂದುಗಳ ಮಣೆ, 3 ಹುಲಿ, 15 ಆಡು. ಹುಲಿ ಆಡಿನ ಮೇಲಿಂದ ಹಾರಿ ತಿನ್ನಬೇಕು, ಆಡುಗಳು ಹುಲಿ ಅಲ್ಲಾಡದಂತೆ ಕಟ್ಟಿಹಾಕಬೇಕು. ಎರಡು ಕಡೆಗೂ ಬಲ ಬೇರೆ, ಗುರಿಯೂ ಬೇರೆ. ಚೆಸ್ಸಿನಂತೆ ಎರಡೂ ಕಡೆ ಒಂದೇ ಸೈನ್ಯ ಇಟ್ಟು ನ್ಯಾಯ ಮಾಡಲು ಆಗುವುದಿಲ್ಲ.

ಮೊದಲು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ಆಡಿಸಿ. ಹತ್ತು ನಿಮಿಷದಲ್ಲಿ ಜಗಳ ಗ್ಯಾರಂಟಿ. ‘ನಮ್ಮೂರಲ್ಲಿ ಹೀಗಲ್ಲ’, ‘ನಮ್ಮಜ್ಜಿ ಹೇಳಿದ್ದು ಬೇರೆ’. ಹುಲಿ ಎಷ್ಟು ತಿಂದರೆ ಗೆದ್ದ ಹಾಗೆ? ಎಲ್ಲ ಆಡು ಇಡುವ ಮೊದಲೇ ಆಡು ನಡೆಸಬಹುದಾ? ಆ ಜಗಳವನ್ನೇ ಬರೆಸಿ. ಅದೇ ಡಿಸೈನ್ ಡಾಕ್ಯುಮೆಂಟ್. ಹತ್ತು ಪುಟದ ಟೆಂಪ್ಲೇಟ್ ಕೊಟ್ಟರೆ ಇದರ ಅರ್ಧವೂ ಸಿಗುವುದಿಲ್ಲ.

ಆಮೇಲೆ ಎರಡೂ ಕಡೆ ಬುದ್ಧಿಯಿಲ್ಲದ ಆಟಗಾರರನ್ನು ಕೂರಿಸಿ 10,000 ಆಟ ಆಡಿಸಿ. ಬುದ್ಧಿಯಿಲ್ಲದ ಆಡು ಹೋಗಿ ಹುಲಿ ಪಕ್ಕದಲ್ಲೇ ಕೂರುತ್ತದೆ, ನಗು ಬರುತ್ತದೆ. ನಂತರ ಆಡಿಗೆ ಮಾತ್ರ ಮಿನಿಮ್ಯಾಕ್ಸ್ ಕೊಡಿ, ಅಂದರೆ ಎದುರಾಳಿಯ ಅತ್ಯುತ್ತಮ ಉತ್ತರವನ್ನೂ ಲೆಕ್ಕ ಹಾಕಿ ನಡೆ ಆರಿಸುವ ವಿಧಾನ, ನಾಲ್ಕು ನಡೆ ಮುಂದೆ ನೋಡುವಷ್ಟು. ಮತ್ತೆ 10,000. ನಂತರ ಹುಲಿಗೂ ಕೊಡಿ. ಪ್ರತಿ ಸಲವೂ ಗೆಲುವಿನ ಪ್ರಮಾಣ ಮೊದಲೇ ಬರೆಯಬೇಕು. ಪ್ರತಿ ಆಟದ ರ‍್ಯಾಂಡಮ್ ಸೀಡ್ (ಅದೇ ಅದೃಷ್ಟದ ಆಟವನ್ನು ಮತ್ತೆ ಹಾಗೇ ಹುಟ್ಟಿಸುವ ಶುರುವಿನ ಸಂಖ್ಯೆ) ಲಾಗ್ ಫೈಲಿನಲ್ಲಿರಬೇಕು. 7,412ನೇ ಆಟದಲ್ಲಿ ಹುಲಿ ಗೆರೆಯಿಲ್ಲದ ಕಡೆ ಹಾರಿತು ಅಂದರೆ, ಅದೇ ಆಟ ಮತ್ತೆ ಆಡಿಸಿ ತೋರಿಸಲು ಬರಬೇಕು.

ಹೆಜ್ಜೆ 7: ಪ್ರಾಜೆಕ್ಟ್

ಐದು ವಾರ. ಮೂವರ ಟೀಮು, ಐವರಾದರೆ ಒಬ್ಬರು ಬರೀ ಪಿಪಿಟಿ ಮಾಡುತ್ತಾರೆ. ಒಂದೇ ಪರದೆ, ಮೂರು ನಿಮಿಷದ ಆಟ. ಇದಕ್ಕಿಂತ ದೊಡ್ಡದು ಬೇಡ ಅಂತ ಗಟ್ಟಿಯಾಗಿ ಹೇಳಿ. ಪ್ರತಿ ಶುಕ್ರವಾರ ಲ್ಯಾಬಿನ ಅತಿ ಹಳೇ ಮೆಷಿನ್ನಿನಲ್ಲಿ ಆಟ ಓಡಬೇಕು. ನಿಧಾನವಾದರೆ ಪ್ರೊಫೈಲರ್ (ಕೋಡಿನ ಯಾವ ಭಾಗಕ್ಕೆ ಎಷ್ಟು ಹೊತ್ತು ಅಂತ ಅಳೆಯುವ ಸಾಧನ) ತೆರೆಯುವ ಮೊದಲು ಯಾವ ಫಂಕ್ಷನ್ ಹೊತ್ತು ತಿನ್ನುತ್ತಿದೆ ಅಂತ ಬರೆಯಲಿ. ಸಾಮಾನ್ಯವಾಗಿ ಬರೆದದ್ದೊಂದು, ತಿನ್ನುತ್ತಿದ್ದದ್ದು ಇನ್ನೊಂದು.

ಆಟದ ಮಾತು ಕನ್ನಡದಲ್ಲಿದ್ದರೆ ಒಳ್ಳೆಯದು, ಅದರಲ್ಲೂ ಒಂದು ಪಾಠವಿದೆ. ಅಕ್ಷರ ಜೋಡಿಸುವ ವ್ಯವಸ್ಥೆ ಇಲ್ಲದ ಎಂಜಿನ್‌ನಲ್ಲಿ ಒತ್ತಕ್ಷರ ಚೂರುಚೂರಾಗುತ್ತದೆ. ಗೋಡೋ 4ರಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಇರುವುದರಿಂದ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಗೋಡೋ 3ರಲ್ಲಿ ಅದಿರಲಿಲ್ಲ. ಮೊದಲ ದಿನವೇ ಸ್ವಾತಂತ್ರ್ಯ, ರಾಷ್ಟ್ರ, ಕರ್ನಾಟಕ ಅಂತ ಮೂರು ಪದ ಪರದೆಗೆ ಹಾಕಿ ನೋಡಿ. ಮೂರೂ ಸರಿಯಿದ್ದರೆ ಮುಂದೆ ಹೋಗಿ.

ದುಡ್ಡು ಕಟ್ಟಿ ಆಡುವ ರಮ್ಮಿ ಥರದ ಐಡಿಯಾ ಬಂದರೆ ಅಲ್ಲೇ ನಿಲ್ಲಿಸಿ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದೆ.

ಕೊನೇ ಎರಡು ವಾರ ಆಟವನ್ನು ಹೊರಗಿನವರ ಕೈಗೆ ಕೊಡಿಸಿ. ಗೆಳೆಯರಿಗಲ್ಲ, ಅಮ್ಮನಿಗೆ, ಪಕ್ಕದ ಮನೆ ಅಂಕಲ್‌ಗೆ, ಲೈಬ್ರರಿ ಮೇಡಂಗೆ. ಆಡುವಾಗ ಮಾಡಿದವರು ಬಾಯಿ ಬಿಡಬಾರದು. ಇದು ಕಷ್ಟ. ‘ಅಲ್ಲಲ್ಲ ಆಂಟಿ, ಅಲ್ಲಿ ಒತ್ತಿ’ ಅಂತ ನಾಲಿಗೆ ತುದಿಗೆ ಬಂದಿರುತ್ತದೆ. ಅದನ್ನು ನುಂಗಿಕೊಂಡು, ಆಂಟಿ ಎಲ್ಲಿ ಒತ್ತಿದರು ಅಂತ ಬರೆದುಕೊಳ್ಳಬೇಕು.

ಹೆಜ್ಜೆ 8: ಮಾರ್ಕ್ಸು

ಇಂಟರ್ನಲ್ಸ್ 50ರಲ್ಲಿ ನಾನು ಹಂಚುವುದು ಹೀಗೆ: ನೋಟ್‌ಬುಕ್ಕಿಗೆ 15, ಲ್ಯಾಬುಗಳಿಗೆ 15, ಪ್ರಾಜೆಕ್ಟಿಗೆ 10, ವೈವಾಗೆ 10. ಪ್ರಾಜೆಕ್ಟಿಗೆ ಇಷ್ಟು ಕಮ್ಮಿಯಾ ಅಂತ ಎಚ್‌ಒಡಿ ಕೇಳಬಹುದು. ಈಗ ಎಐ ಕೈಲಿ ಒಂದು ಸಂಜೆಯಲ್ಲಿ ಕೋಡು ಬರೆಸಬಹುದು. ಅದನ್ನು ತಡೆಯಲು ಹೋಗಿ ನಾನು ಸುಸ್ತಾಗಿದ್ದೇನೆ, ಈಗ ಬಿಟ್ಟಿದ್ದೇನೆ. ನೋಟ್‌ಬುಕ್ಕಿನಲ್ಲಿ ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯುವುದಿಲ್ಲ. ತಪ್ಪಿದ್ದು ಯಾಕೆ ಅಂತ ಬರೆದರೆ ಪೂರ್ತಿ ಕೊಡುತ್ತೇನೆ. ಖಾಲಿ ಪುಟಕ್ಕೆ ಮಾತ್ರ ಸೊನ್ನೆ.

ವೈವಾ ಐದೇ ನಿಮಿಷ. ಅವರದೇ ಆಟ ತೆರೆದು, ಒಂದು ಸಂಖ್ಯೆಯ ಮೇಲೆ ಬೆರಳಿಟ್ಟು, ‘ಇದನ್ನು ಎರಡರಷ್ಟು ಮಾಡಿದರೆ ಏನಾಗುತ್ತೆ?’ ಅಂತ ಕೇಳಿ. ಉತ್ತರ ಬಂದ ಮೇಲೆ ಬದಲಿಸಿ ಓಡಿಸಿ. ಇಂಥ ಮೂರು ಪ್ರಶ್ನೆ ಸಾಕು. ಕೋಡು ಯಾರು ಬರೆದರೂ ಸರಿ, ಅರ್ಥವಾಗಿದೆಯಾ ಇಲ್ಲವಾ ಅಂತ ಗೊತ್ತಾಗುತ್ತದೆ.

‘ಇದರಿಂದ ಕೆಲಸ ಸಿಗುತ್ತಾ?’ ಅಂತ ಅಪ್ಪ ಅಮ್ಮ ಕೇಳಿದರೆ ಹೇಳಲು ಊರಿನಲ್ಲೇ ಉದಾಹರಣೆ ಇದೆ. ಧ್ರುವ ಇಂಟರಾಕ್ಟಿವ್ ಅನ್ನುವ ಗೇಮ್ ಸ್ಟುಡಿಯೊ ಬೆಂಗಳೂರಿನಲ್ಲಿ ಶುರುವಾದದ್ದು 1997ರಲ್ಲಿ. 2019ರಲ್ಲಿ ಅದನ್ನು ಕೊಂಡದ್ದು ಜಿಟಿಎ ಮಾಡುವ ರಾಕ್‌ಸ್ಟಾರ್. ಮೊದಲ ದಿನ ಪ್ರಶ್ನೆ ಕೇಳಿದವರಿಗೆ ಇದನ್ನು ಹೇಳಿ, ಖುಷಿಪಡಲಿ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನಲ್ಲೇ ಮಾಸ್ಟರ್ಸ್ ಇದೆ. ಆದರೆ ಗೇಮ್ ಸ್ಟುಡಿಯೊ ಒಂದನ್ನೇ ತೋರಿಸಬೇಡಿ. ಎಚ್‌ಎಎಲ್, ಎನ್‌ಎಎಲ್ ಇರುವ ಊರು ಇದು. ವಿಮಾನ, ವಾಹನದ ಸಿಮ್ಯುಲೇಶನ್ ಮಾಡುವವರಿಗೂ ಸ್ಪ್ರಿಂಗ್ ಯಾಕೆ ಹಾರಿಹೋಯಿತು ಅಂತ ಗೊತ್ತಿರುವವರೇ ಬೇಕು.

ಸೆಮಿಸ್ಟರ್ ಮುಗಿದ ಮೇಲೆ ಒಂದು ಕೆಲಸ ಬಾಕಿ. ನೋಟ್‌ಬುಕ್ ವಾಪಸ್ ಕೊಡುವ ಮೊದಲು ತಪ್ಪಿದ ಉತ್ತರಗಳ ಫೋಟೊ ತೆಗೆದಿಟ್ಟುಕೊಳ್ಳಿ, ಹೆಸರು ಮುಚ್ಚಿ. ಮುಂದಿನ ಬ್ಯಾಚಿನ ಮೊದಲ ಕ್ಲಾಸಿಗೆ ಅವೇ ಸ್ಲೈಡು.